ಸ್ಟೆಬಿಲೈಜರಿಗೆ ಸನ್ಮಾನ

ಕೌಲ್ ಬಜಾರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಅವರನ್ನು ನಾವೆಲ್ಲ ಪೇಟಿ ಮಾಸ್ತರು ಅನ್ನುತ್ತಿದ್ದೆವು. ಆಗ ಇಡೀ ಓಣಿಗೆ ನಮ್ಮದೊಂದೇ ಟಿ.ವಿ. ಅದರಲ್ಲಿ ಯಾರೇ ಹಾಡಲಿ, ಮಾಸ್ತರು ಒಂದು ಕಿವಿ ಮುಚ್ಚಿಕೊಂಡು, "ಶ್ರುತಿ ಎಲ್ಲೈತ್ರಿ?" ಅನ್ನುವರು. ಅವರ ಪ್ರಕಾರ ಆ ಕೋಣೆಯಲ್ಲಿ ಶ್ರುತಿ ಹಿಡಿದು ನಿಂತದ್ದು ಒಂದೇ ಒಂದು, ಟಿ.ವಿ.ಯ ಕೆಳಗೆ ಗುಂಯ್ ಅನ್ನುತ್ತಿದ್ದ ಸ್ಟೆಬಿಲೈಜರ್. "ಪಕ್ಕಾ ಕರಿ ನಾಕು! ಪೇಟಿಯ ನಾಕನೇ ಕರಿ ಮನಿ ಒತ್ತಿ ನೋಡ್ರಿ ಬೇಕಾರ."

ಒಂದು ಸಂಜೆ ಟಿ.ವಿ.ಯಲ್ಲಿ ಸಂಗೀತ ಪ್ರಶಸ್ತಿ ಸಮಾರಂಭ. ಅವ್ವನ ಮೆಚ್ಚಿನ ಗಾಯಕಿಗೆ ಅಂದು ಪ್ರಶಸ್ತಿ. ಅವ್ವ ಮೊದಲೇ ಹೇಳಿಬಿಟ್ಟಳು: "ಮಾಸ್ತರ, ಇವತ್ತು ಆಕೀಗೆ ಏನರ ಅಂದ್ರಿ, ನಾಳಿಂದ ಟಿ.ವಿ. ನೋಡಾಕ ಬರಬ್ಯಾಡ್ರಿ."

ಮಾಸ್ತರು ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತರು. ಗಾಯಕಿ ಮೇಲಿನ ಸ್ವರಕ್ಕೆ ಏರಿದಾಗಲೆಲ್ಲ ಅವರ ಕಣ್ಣು ಪಾಪ, ಸ್ಟೆಬಿಲೈಜರಿನ ಕಡೆ ಹೋಗುತ್ತಿತ್ತು. ನಾವು ಹಾಡು ಬಿಟ್ಟು ಅವರನ್ನೇ ನೋಡುತ್ತಿದ್ದೆವು. ಹಾಡು ಮುಗಿಯಿತು. ಗಾಯಕಿಗೆ ಶಾಲು ಹೊದಿಸಿದರು. ಅವ್ವ ಕಣ್ಣೊರೆಸಿಕೊಂಡಳು. ಆಗ ಮಾಸ್ತರು ಬಾಯಿಂದ ಟವೆಲ್ ತೆಗೆದು ಎದ್ದು, ಅದನ್ನು ಕೊಡವಿ ಸ್ಟೆಬಿಲೈಜರಿಗೆ ಹೊದಿಸಿ, ಅದಕ್ಕೆ ಎರಡೂ ಕೈ ಮುಗಿದರು.

ಚಾವಣಿ ಹಾರಿಹೋಗುವಂತೆ ನಕ್ಕೆವು. ಅವ್ವ ಮಾತ್ರ ಗಾಬರಿಯಿಂದ, "ಅಯ್ಯ, ತಗೀರಿ ಅದನ್ನ, ಬಿಸಿ ಆಗತೈತಿ!" ಎಂದು ಕೂಗಿದಳು.

"ಸನ್ಮಾನ ಮಾಡಿದ್ರ ಯಾರಿಗಾದ್ರೂ ಒಂಚೂರು ಬಿಸಿ ಏರತೈತ್ರಿ, ಅಕ್ಕಾರ," ಅಂದರು ಮಾಸ್ತರು. ಆಮೇಲೆ ಬಗ್ಗಿ, ಟವೆಲ್ಲಿಗೆ ಕಿವಿ ಹಚ್ಚಿ, "ಆದ್ರ ಕೇಳ್ರಿ, ಶ್ರುತಿ ಬಿಟ್ಟಿಲ್ಲ!"