ಅಧ್ಯಕ್ಷರ ಭಾಷಣಕ್ಕೆ ನಾನು ಸೇರಿಸಿದ ಮಾತು

ನಮ್ಮ ಸಂಘದಲ್ಲಿ ಅಧ್ಯಕ್ಷರ ಅವಧಿ ಎರಡು ವರ್ಷ. ನಡುವೆ, ಒಂದು ವರ್ಷ ಕಳೆದಾಗ, ಸಮಿತಿಯ ಅರ್ಧ ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. ಮಸ್ಕತ್ತಿನ ನಮ್ಮ ತುಳುವರು ಇದನ್ನು ‘ಅರ್ಧ ಇಲೆಕ್ಷನ್’ ಎಂದು ಕರೆದು ಸುಮ್ಮನಿದ್ದರು. ಈಗಿನ ಅಧ್ಯಕ್ಷರು ಬಂದ ಮೇಲೆ ಅದು ‘ಮಿಡ್‌ಟರ್ಮ್’ ಆಯಿತು. ಅವರು ಅಮೆರಿಕದ ಸುದ್ದಿಯನ್ನು ಯಕ್ಷಗಾನ ನೋಡುವ ಭಕ್ತಿಯಿಂದ ನೋಡುವವರು.

“ಅಲ್ಲಿ ಪ್ರೆಸಿಡೆಂಟ್ ತಾನು ನಿಲ್ಲುವುದಿಲ್ಲ. ಆದ್ರೂ ರ‍್ಯಾಲಿ ಮಾಡ್ತಾನೆ, ಗೊತ್ತುಂಟಾ? ಜನ ಓಟು ಹಾಕುವುದು ಅವನ ಮುಖ ನೋಡಿಯೇ,” ಎಂದು ಅವರು ನನಗೆ ಫೋನಿನಲ್ಲಿ ವಿವರಿಸಿದರು. “ನನ್ನ ರ‍್ಯಾಲಿಗೆ ಭಾಷಣ ನೀನೇ ಬರೀಬೇಕು ಮಗಾ. ಚಪ್ಪಾಳೆ ಬೀಳುವ ಹಾಗೆ.”

ನನ್ನ ಕಾಲೇಜಿನ ದಿನಗಳಿಂದಲೂ ಅವರ ಭಾಷಣ ಬರೆಯುತ್ತಿದ್ದವಳು ನಾನೇ. ಅವರಿಗೆ ತುಳು ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ವ್ಯಾಪಾರಕ್ಕೆ ಬೇಕಾದಷ್ಟು ಬರುತ್ತದೆ. ಕನ್ನಡವನ್ನು ಯಾರಾದರೂ ಬರೆದುಕೊಡಬೇಕು. ಈ ಸಲದ ತೊಡಕು ಬೇರೆ. ಸಾಂಸ್ಕೃತಿಕ ಕಾರ್ಯದರ್ಶಿಯ ಸ್ಥಾನಕ್ಕೆ ಅವರ ಹೆಂಡತಿಯ ತಮ್ಮ ನಿಂತಿದ್ದ. ಅವನ ಎದುರು ನಿಂತಿದ್ದವಳು ನನ್ನ ಅಮ್ಮ.

“ಅಂಕಲ್, ನನ್ನ ಅಮ್ಮ ಎದುರು ಪಾರ್ಟಿ,” ಎಂದೆ.

“ಅದು ಗೊತ್ತುಂಟು. ನೀನು ಮಾತಾಡುವ ಪೈಕಿ ಅಲ್ಲವಲ್ಲ, ಹಾಗೆ ಧೈರ್ಯ. ನಿನ್ನ ಅಮ್ಮನಿಗೆ ಹೇಳ್ಬೇಡ.”

ಮಾತಾಡದವರಿಗೆ ಅಭಿಪ್ರಾಯವೂ ಇರುವುದಿಲ್ಲ ಎಂದು ನಂಬುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಬರೆದುಕೊಡುತ್ತೇನೆ ಎಂದೆ.

ಅಮ್ಮ ನಿಂತದ್ದು ಒಂದು ಕೋಣೆಗಾಗಿ. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯಲ್ಲಿ ಸಂಘ ಬಾಡಿಗೆಗೆ ಹಿಡಿದ ಕೋಣೆಯೊಂದಿದೆ. ಶುಕ್ರವಾರ ಬೆಳಿಗ್ಗೆ ಅಮ್ಮ ಅಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಭಾವನಿಗೆ (ಹೆಂಡತಿಯ ತಮ್ಮನನ್ನು ಅಧ್ಯಕ್ಷರು ಹಾಗೆಯೇ ಕರೆಯುವುದರಿಂದ ಊರಿಗೆಲ್ಲ ಅವನು ಭಾವ) ಅದೇ ಹೊತ್ತಿಗೆ ಅದೇ ಕೋಣೆ ಬೇಕಿತ್ತು, ಸ್ಟಾರ್ ನೈಟ್‌ನ ಡ್ಯಾನ್ಸ್ ಪ್ರಾಕ್ಟೀಸಿಗೆ. ಘಾಲಾದಲ್ಲಿ ಅವನ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. “ಕನ್ನಡ ಮನೆಯಲ್ಲೇ ಕಲೀಬಹುದಲ್ಲ ಅಕ್ಕ. ಡ್ಯಾನ್ಸಿಗೆ ಜಾಗ ಬೇಕು,” ಎಂದು ಅವನು ಹೇಳಿದ ದಿನವೇ ಅಮ್ಮ ನಾಮಪತ್ರ ಹಾಕಿದಳು. ಅವನು ಗೆದ್ದರೆ ತರಗತಿ ಖಲಾಸ್.

ಹೀಗಾಗಿ, ಆ ರ‍್ಯಾಲಿಯ ಬಗ್ಗೆ ನಾನು ಬರೆಯುವುದು ನಿಷ್ಪಕ್ಷಪಾತ ವರದಿಯಲ್ಲ. ನಾನು ಅಮ್ಮನ ಕಡೆಯವಳು.

ರ‍್ಯಾಲಿ ನಡೆದದ್ದು ವಾದಿ ಅದಾಯ್‌ನ ಹೋಟೆಲೊಂದರ ಮಹಡಿಯ ಪಾರ್ಟಿ ಹಾಲಿನಲ್ಲಿ. ಹೆಸರಿಗೆ ಅದು ಸ್ನೇಹಕೂಟದ ಬೆಳಗಿನ ಉಪಾಹಾರ. ಬನ್ಸ್, ಗೋಳಿಬಜೆ, ಕಡ್ಲೆ ಅವಲಕ್ಕಿ ಇದ್ದವು. ನಮ್ಮಲ್ಲಿ ಎದುರು ಪಕ್ಷದವರೂ ತಿಂಡಿಗೆ ಬರಲೇಬೇಕು. ಬಾರದಿದ್ದರೆ ಸಿಟ್ಟು ಎಂದಾಗುತ್ತದೆ. ಅಮ್ಮ ಜರಿಸೀರೆ ಉಟ್ಟು ಬಂದು ಮೂರನೇ ಸಾಲಿನಲ್ಲಿ ಕೂತಳು.

ಟಿ.ವಿ.ಯಲ್ಲಿ ಕಂಡಂತೆಯೇ ಆಗಬೇಕೆಂದು ಅಧ್ಯಕ್ಷರು ತಮ್ಮ ಬೆನ್ನ ಹಿಂದೆ ಬೆಂಬಲಿಗರನ್ನು ಮೂರು ಸಾಲಾಗಿ ನಿಲ್ಲಿಸಿದ್ದರು. ಎಲ್ಲರ ತಲೆಯಲ್ಲೂ ಟೋಪಿ, ಕೈಯಲ್ಲಿ ಭಾವನ ಫೋಟೋ ಇರುವ ಫಲಕ. ಲೆಕ್ಕಾಚಾರದಲ್ಲಿ ಒಂದೇ ತಪ್ಪಾಗಿತ್ತು. ವೇದಿಕೆಯ ನೇರ ಎದುರಿಗೆ ತಿಂಡಿಯ ಮೇಜಿತ್ತು. ಭಾಷಣದುದ್ದಕ್ಕೂ ಬೆಂಬಲಿಗರ ಕಣ್ಣುಗಳು ಗೋಳಿಬಜೆಯ ಪಾತ್ರೆ ಬರಿದಾಗುವುದನ್ನು ಹಿಂಬಾಲಿಸುತ್ತಿದ್ದವು. ಹಿಂದಿನ ಸಾಲಿನಿಂದ ಒಬ್ಬರು ಫಲಕವನ್ನೇ ಬೀಸಿ ತಮ್ಮ ಹೆಂಡತಿಗೆ ಸನ್ನೆ ಮಾಡಿದರು: ನನಗೂ ಎರಡು ತೆಗೆದಿಡು.

ನನ್ನ ಭಾಷಣದಲ್ಲಿ ಸುಳ್ಳಿರಲಿಲ್ಲ. ಅಧ್ಯಕ್ಷರ ಕಷ್ಟದ ದಿನಗಳು, ಆಸ್ಪತ್ರೆಯಲ್ಲಿದ್ದವರಿಗಾಗಿ ಅವರು ಮಾಡಿದ ಓಡಾಟ, ಎಲ್ಲವನ್ನೂ ಇದ್ದಂತೆ ಬರೆದಿದ್ದೆ. ಅವರು ಭಾಷಣವನ್ನು ಮೊದಲೇ ಓದುವವರಲ್ಲ, ವೇದಿಕೆಯಲ್ಲೇ ಮೊದಲ ಸಲ ಓದುವುದು. ಆದ್ದರಿಂದ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಚಪ್ಪಾಳೆಗೆ ಕಾಯಬೇಕು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಡುವುದು ನನ್ನ ಪದ್ಧತಿ. ಗುರುತನ್ನು ಅವರು ಸಿಗ್ನಲ್ ದೀಪದಷ್ಟೇ ನಿಷ್ಠೆಯಿಂದ ಪಾಲಿಸುತ್ತಾರೆ.

ಕೊನೆಯ ಪುಟಕ್ಕೆ ಬಂದರು.

“ಶುಕ್ರವಾರ ಬೆಳಗಿನ ಕನ್ನಡ ತರಗತಿ ನಮ್ಮ ಕೋಣೆಯಲ್ಲೇ ನಡೆಯುತ್ತದೆ. ಯಾವ ಕಾರ್ಯಕ್ರಮಕ್ಕೂ ಆ ಹೊತ್ತನ್ನು ಬಿಟ್ಟುಕೊಡುವುದಿಲ್ಲ. ಇದು ನನ್ನ ಮಾತು, ನನ್ನ ಭಾವನ ಮಾತು.”

ಅಲ್ಲಿ ಕೆಂಪು ಗುರುತಿತ್ತು. ಅವರು ನಿಂತರು. ತಲೆ ಎತ್ತಿ, ಟಿ.ವಿ.ಯವನಂತೆ ಗದ್ದ ಮುಂದೆ ಮಾಡಿ, ಚಪ್ಪಾಳೆಗೆ ಕಾದರು. ತಾವು ಓದಿದ್ದು ಏನು ಎಂದು ಅವರಿಗೆ ಅರ್ಥವಾದದ್ದು ಆ ಬಿಡುವಿನಲ್ಲಿ. ಫಲಕ ಹಿಡಿದು ಪಕ್ಕದಲ್ಲೇ ನಿಂತಿದ್ದ ಭಾವನಿಗೆ ಅವರಿಗಿಂತ ತುಸು ಮುಂಚೆಯೇ ಅರ್ಥವಾಗಿತ್ತು. ಆದರೆ ಅಷ್ಟರಲ್ಲಿ ಮಕ್ಕಳ ತಂದೆತಾಯಂದಿರು ಚಪ್ಪಾಳೆ ಶುರುಮಾಡಿದ್ದರು. ಅಂಥ ಚಪ್ಪಾಳೆ ಅಧ್ಯಕ್ಷರಿಗೆ ಹಿಂದೆಂದೂ ಬಿದ್ದಿರಲಿಲ್ಲ. ಅವರ ಮುಖದಲ್ಲಿ ಗಾಬರಿ ಮೆಲ್ಲಗೆ ಕರಗಿ ಸಂತೋಷವಾಯಿತು. “ಹೌದು, ನನ್ನ ಮಾತು!” ಎಂದು ಬರೆದುಕೊಡದ ಒಂದು ಮಾತನ್ನೂ ಸೇರಿಸಿಬಿಟ್ಟರು.

ಅಮ್ಮ ವೇದಿಕೆಯನ್ನು ನೋಡಲಿಲ್ಲ. ಅರ್ಧ ತಿಂದ ಬನ್ಸ್ ಕೈಯಲ್ಲಿ ಹಿಡಿದು, ಹಾಲ್‌ನ ಒಂದು ಮೂಲೆಯಲ್ಲಿದ್ದ ನನ್ನನ್ನೇ ನೋಡಿದಳು. ಅನಂತರ ಬನ್ಸನ್ನು ತಟ್ಟೆಯಲ್ಲಿಟ್ಟು ಅವಳೂ ಚಪ್ಪಾಳೆ ತಟ್ಟಿದಳು. ತಟ್ಟದೆ ಇರುವ ಹಾಗಿರಲಿಲ್ಲ.

ನಮ್ಮ ಮನೆಯಿರುವ ಅಲ್ ಅಮೇರಾತ್‌ಗೆ ಮರಳುವಾಗ, ಕಾರು ಬೆಟ್ಟಗಳ ನಡುವೆ ತಿರುಗಿದ ಮೇಲೆ ಅವಳು ಶುರುಮಾಡಿದಳು.

“ಆ ಅಧ್ಯಕ್ಷನಿಗೆ ಅಷ್ಟು ಚಂದದ ಕನ್ನಡ ಎಲ್ಲಿಂದ ಬರ್ಬೇಕು? ನಾನು ಕೇಳಿದ ಕೂಡ್ಲೇ ಗುರ್ತ ಹಿಡಿದೆ.”

ಅವಳು ನನ್ನ ಕಡೆ ತಿರುಗಿದಳು.

“ನನ್ನ ಓಟೆಲ್ಲ ಹೋಯ್ತಲ್ಲ ಮಾರಾಯ್ತಿ. ಕ್ಲಾಸು ಹೇಗೂ ಉಳೀತದೆ ಅಂತಾದ್ರೆ ನನಗೆ ಯಾರು ಹಾಕ್ತಾರೆ?”

“ನೀನು ನಿಂತದ್ದು ಕುರ್ಚಿಗಾ, ಕ್ಲಾಸಿಗಾ?”

“ಎರಡಕ್ಕೂ!” ಎಂದಳು ಅಮ್ಮ, ಒಂದು ಕ್ಷಣವೂ ಯೋಚಿಸದೆ.

ಅದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಕುರ್ಚಿಯ ಆಸೆ ಇರಬಹುದೆಂದು ಊಹಿಸಿದ್ದರೆ ಕೆಂಪು ಗುರುತನ್ನು ಬೇರೆ ಕಡೆ ಹಾಕುತ್ತಿದ್ದೆನೇನೋ.

ಅವಳ ಲೆಕ್ಕವೇ ಸರಿಯಾಯಿತು. ಮಹಾಸಭೆಯಲ್ಲಿ ಭಾವ ಗೆದ್ದ, ಅಮ್ಮ ಸೋತಳು. ನನ್ನ ಓಟು ಅವಳಿಗೇ ಬಿದ್ದಿತು, ಅದನ್ನು ಅವಳು ನಂಬಿದ್ದು ಮಾತ್ರ ಸ್ವಲ್ಪ ತಡವಾಗಿ. ಕೊಟ್ಟ ಮಾತು ಎಲ್ಲರ ಫೋನುಗಳಲ್ಲಿ ವೀಡಿಯೊ ಆಗಿ ಕೂತಿತ್ತು. ಹಾಗಾಗಿ ಹೊಸ ಸಾಂಸ್ಕೃತಿಕ ಕಾರ್ಯದರ್ಶಿ ಅದೇ ವಾರ ನಮ್ಮ ಮನೆಗೆ ಬಂದ.

“ಕ್ಲಾಸು ನೀವೇ ನಡೆಸ್ಬೇಕು ಅಕ್ಕ. ನಿಮ್ಮನ್ನು ಬಿಟ್ರೆ ಯಾರುಂಟು?”

“ಅಲ್ಲ, ಸೋತವರು ನಾವು,” ಎಂದಳು ಅಮ್ಮ. “ಕಲಿಸ್ತೇನೆ. ಕೋಣೆಯ ಬೀಗ ತೆಗೆಯುವುದು, ಕುರ್ಚಿ ಹಾಕುವುದು, ಬೋರ್ಡ್ ಒರೆಸುವುದು ಕಾರ್ಯದರ್ಶಿಯ ಕೆಲಸ ಅಲ್ವಾ? ನೀನು ಬರ್ಬೇಕು.”

“ನಾನಾ? ಶುಕ್ರವಾರವಾ?”

“ರಜೆಯ ದಿನ ಅಲ್ವಾ, ಪುರುಸೊತ್ತು ಇರ್ತದೆ.”

ಮುಂದಿನ ಶುಕ್ರವಾರ ಭಾವ ನಿದ್ದೆಗಣ್ಣಿನಲ್ಲೇ ಬಂದು ಕುರ್ಚಿಗಳನ್ನು ಸಾಲಾಗಿ ಇಟ್ಟ. ಅಮ್ಮ ತಾನು ಕೂರುವ ಕುರ್ಚಿಯನ್ನು ಎರಡು ಸಲ ಜಾಗ ಬದಲಿಸಿ ಇಡಿಸಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಇದನ್ನೆಲ್ಲ ಗಮನವಿಟ್ಟು ನೋಡಿ ಅವನನ್ನು ಕೇಳಿದಳು: “ಅಂಕಲ್, ಆರ್ ಯು ದ ಪ್ಯೂನ್?”

ಭಾವ ಸಹಾಯಕ್ಕಾಗಿ ಅಮ್ಮನ ಮುಖ ನೋಡಿದ.

“ಕನ್ನಡದಲ್ಲಿ ಕೇಳು,” ಎಂದಳು ಅಮ್ಮ.