ಎರಡನೆಯ ಟಕ್

ನನ್ನ ಹಳೆಯ ಕಾರನ್ನು ಯಾವ ದುರಸ್ತಿಗೆ ಒಯ್ದರೂ ಬೆಟಗೇರಿಯ ಆ ಮಿಸ್ತ್ರಿ ಮೊದಲು ಎತ್ತುತ್ತಿದ್ದುದು ಬಾನೆಟ್ಟನ್ನೇ. ಅದರ ಚಿಲಕಕ್ಕೂ ಪಕ್ಕದ ಸಣ್ಣ ಕೊಂಡಿಗೂ ಸೀಮೆಎಣ್ಣೆಯ ಬ್ರಷ್ ಆಡಿಸಿ, ಮಣ್ಣು ತೊಳೆದು, ಬೆರಳಿನಿಂದ ಗ್ರೀಸು ಸವರುತ್ತಿದ್ದ. ಆಮೇಲೆ ಮುಚ್ಚಿ ಕಿವಿಗೊಡುತ್ತಿದ್ದ. ಮೊದಲ ಸದ್ದು ಕೊಂಡಿಯದು, ಎರಡನೆಯದು ಚಿಲಕದ್ದು.

"ಎರಡ್ ಸಲ ಟಕ್ ಅನ್ಬೇಕ್ರಿ ಸರ."

ನನಗೆ ನಗು ಬರುತ್ತಿತ್ತು.

ಒಮ್ಮೆ ದಾರಿಯಲ್ಲಿ ನಾನೇ ರೇಡಿಯೇಟರಿಗೆ ನೀರು ಹಾಕಿ ಬಾನೆಟ್ ಮುಚ್ಚಿದೆ. ಮುಂಡರಗಿ ರಸ್ತೆಯ ಎದುರುಗಾಳಿಗೆ ಅದು ಎದ್ದಿತು. ಗಾಜಿಗೆ ಬಡಿಯುವಂತಿದ್ದುದನ್ನು ಸಣ್ಣ ಕೊಂಡಿ ಎರಡು ಬೆರಳೆತ್ತರದಲ್ಲೇ ಹಿಡಿದು ನಿಲ್ಲಿಸಿತು.

ಮಿಸ್ತ್ರಿಯ ಮುಂದೆ ಹೋಗಿ ಕೈ ಮುಗಿದೆ. "ನಿಮ್ಮ ಕೊಂಡಿ ನನ್ನ ಜೀವಾ ಉಳಿಸ್ತ್ರಿ."

ಆತ ಹಿಗ್ಗಲಿಲ್ಲ. "ಸಣ್ಣದು ಹಿಡದೈತಿ ಅಂದ್ರ ದೊಡ್ಡದು ಬಿಟ್ಟೈತಿ. ಮುಚ್ಚಿದಾಗ ಎಷ್ಟ್ ಸಲ ಟಕ್ ಅಂದಿತ್ರಿ?"

"ಒಂದ ಸಲ."

ನನ್ನ ಮುಗಿದ ಕೈಗಳನ್ನು ಬಿಡಿಸಿ ನಡುವೆ ಸೀಮೆಎಣ್ಣೆಯ ಬ್ರಷ್ ಇಟ್ಟು, ಚಿಲಕದ ಕಡೆ ತೋರಿಸಿದ.