ಪ್ರಿಂಟರಿನ ಹೆಸರು ಹೇಳುವವರು

ಬೈಂದೂರಿನ ಪ್ರೆಸ್ಸಿನಲ್ಲಿ ನನ್ನ ಜೊತೆಗಿದ್ದ ಹಿರಿಯರು ಒಂದು ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಮದುವೆ ಕಾಗದ ಯಾವ ಪ್ರಿಂಟರಿನಲ್ಲಿ ಬರಬೇಕೆಂದು ನಮ್ಮ ಲಿನಕ್ಸ್ ಕಂಪ್ಯೂಟರಿಗೆ ಪ್ರತಿ ಬೆಳಿಗ್ಗೆ ಟರ್ಮಿನಲ್ ತೆರೆದು ಹೇಳಬೇಕಿತ್ತು. ಮುಚ್ಚಿದರೆ ಅದು ಮರೆತುಬಿಡುತ್ತಿತ್ತು. ಅವರು ಕನ್ನಡಕ ಒರೆಸಿ, ಒಂದೇ ಬೆರಳಿನಲ್ಲಿ `export PRINTER=maduve` ಎಂದು ಆ ಪ್ರಿಂಟರಿನ ಹೆಸರು ಕುಟ್ಟಿ, ಎಂಟರ್ ಒತ್ತಿ, ಕುರ್ಚಿಗೆ ಒರಗುತ್ತಿದ್ದರು.

“ಈಗ ನೆನಪ್ ಬಂತ್ ಕಾಣಿ.”

ಆಮೇಲೇ ಚಾ.

ಬೇಡದ ಉಪಕಾರ ಮಾಡುವುದು ನನ್ನ ಚಟ. ಟರ್ಮಿನಲ್ ತೆರೆದಾಗಲೆಲ್ಲ ಕಂಪ್ಯೂಟರ್ ತಾನೇ ಓದಿಕೊಳ್ಳುವ `.bashrc` ಕಡತದಲ್ಲಿ ಆ ಸಾಲನ್ನು ಬರೆದಿಟ್ಟೆ. ಮರುದಿನ ಬಸ್ಸು ತಪ್ಪಿ ಅವರು ತಡವಾಗಿ ಬಂದಾಗ ಕಾಗದಗಳು ಆಗಲೇ ಅಚ್ಚಾಗುತ್ತಿದ್ದವು.

“ಹ್ವಾಯ್, ಇದ್ಕೆ ಹೇಳದ್ದ್ ಯಾರ್?”

“ಇನ್ನ್ ನೀವ್ ದಿನಾ ಹೇಳೂದ್ ಬ್ಯಾಡ. ಅದ್ಕೇ ನೆನಪಿರತ್ತ್,” ಎಂದೆ.

ಅವತ್ತು ಅವರು ಚಾ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕುಳಿತಿದ್ದರು. ಕನ್ನಡಕ ಒರೆಸಿ, `unset PRINTER` ಎಂದು ಕುಟ್ಟಿ, ಮೊದಲು ಅದಕ್ಕೆ ಪ್ರಿಂಟರಿನ ಹೆಸರನ್ನೇ ಮರೆಸಿದರು. ಆಮೇಲೆ ನಿಧಾನವಾಗಿ ತಮ್ಮ ಹಳೆಯ ಸಾಲು ಕುಟ್ಟಿದರು.

“ಈಗ ನೆನಪ್ ಬಂತ್ ಕಾಣಿ,” ಎಂದು ಚಾಕ್ಕೆ ಕೈ ಚಾಚಿದರು.